ಥಿಯೇಟ್ರಿದಮ್ ಫೈನಲ್ ಬಾರ್ ಲೈನ್: ಆಟಗಾರರ ಅಭಿಪ್ರಾಯಗಳನ್ನು ಆಡಿ ಪರಿಶೀಲಿಸಿದ ನನ್ನ ಅನುಭವ

ಹಾಡಿನ ಲಯಕ್ಕೆ ತಕ್ಕಂತೆ ಬಟನ್ ಒತ್ತುವ ‘ಥಿಯೇಟ್ರಿದಮ್ ಫೈನಲ್ ಬಾರ್ ಲೈನ್’ ಎಂಬ ವಿಡಿಯೊ ಆಟದ ಬಗ್ಗೆ ಒಬ್ಬ ಆಟಗಾರ ಹೇಳುವ ಮಾತು ಇನ್ನೊಬ್ಬನ ಮಾತಿಗೆ ಹೊಂದುವುದೇ ಇಲ್ಲ. ಫೈನಲ್ ಫ್ಯಾಂಟಸಿ ಎಂಬ ಜಪಾನಿ ವಿಡಿಯೊ ಆಟಗಳ ಸರಣಿಯ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಗೌರವ ಸಿಗಲಾರದು ಎನ್ನುವವರಿದ್ದಾರೆ. ತಾಳದ ಆಟವಾಗಿ ಇದು ತೀರಾ ಸಡಿಲ, ಹಳೆಯ ನೆನಪುಗಳ ಬಲದ ಮೇಲೆ ನಿಂತಿದೆ ಎನ್ನುವವರೂ ಇದ್ದಾರೆ. ಹಿಂದಿನ ಥಿಯೇಟ್ರಿದಮ್ ಆಟಗಳನ್ನು ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದಲ್ಲಿ ಸ್ಟೈಲಸ್ (ತೆರೆ ಮುಟ್ಟುವ ಕಡ್ಡಿ) ಹಿಡಿದು ಆಡಿದ ಸುಖ ಬಟನ್‌ಗಳಲ್ಲಿ ಸಿಗುವುದಿಲ್ಲ ಎಂದು ಬೇಸರಪಡುವ ಹಳಬರು ಬೇರೆ. ನಾನು ಮೂಲ ಫೈನಲ್ ಫ್ಯಾಂಟಸಿ ಆಟಗಳನ್ನು ಪ್ರೀತಿಯಿಂದ ಆಡಿದವನು, ಚಿಕ್ಕಂದಿನಲ್ಲಿ ಕೆಲವು ವರ್ಷ ಮೃದಂಗ ಕಲಿತವನು, ಆದ್ದರಿಂದ ಈ ವಾದದ ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ. ಯಾರು ಸರಿ ಎಂದು ಮನಸ್ಸಿನಲ್ಲೇ ತೀರ್ಮಾನಿಸುವ ಬದಲು, ಪ್ರತಿಯೊಂದು ಅಭಿಪ್ರಾಯವನ್ನೂ ಅದು ಹುಟ್ಟಿದ ಸ್ಥಿತಿಯಲ್ಲೇ, ಅಂದರೆ ಅದೇ ಕಠಿಣತೆಯ ಮಟ್ಟದಲ್ಲಿ, ಅದೇ ನಿಯಂತ್ರಣ ವಿಧಾನದಲ್ಲಿ, ಅದೇ ಬಗೆಯ ಹಾಡುಗಳಲ್ಲಿ ಆಡಿ ನೋಡುವ ಕ್ರಮವನ್ನು ಇಟ್ಟುಕೊಂಡೆ. ಆ ಕ್ರಮ ಹೇಗಿತ್ತು, ಅದರಿಂದ ಏನು ತಿಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸರಣಿಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. 1987ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಆಟದ ಯಂತ್ರದಲ್ಲಿ ಆರಂಭವಾದ ಫೈನಲ್ ಫ್ಯಾಂಟಸಿಯ 25ನೇ ವರ್ಷದ ಸಂದರ್ಭದಲ್ಲಿ, 2012ರ ಫೆಬ್ರುವರಿಯಲ್ಲಿ, ಸ್ಕ್ವೇರ್ ಎನಿಕ್ಸ್ ಸಂಸ್ಥೆ ಮೊದಲ ಥಿಯೇಟ್ರಿದಮ್ ಅನ್ನು 3ಡಿಎಸ್‌ಗಾಗಿ ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದನ್ನು ರೂಪಿಸಿದ್ದು ಇಂಡೀಸ್‌ಝೀರೊ ಎಂಬ ತಂಡ. 2014ರಲ್ಲಿ 221 ಹಾಡುಗಳ ‘ಕರ್ಟನ್ ಕಾಲ್’ ಬಂತು. 2015ರಲ್ಲಿ ಇದೇ ಮಾದರಿಯಲ್ಲಿ ಡ್ರ್ಯಾಗನ್ ಕ್ವೆಸ್ಟ್ ಸಂಗೀತದ ಆಟವೊಂದು ಜಪಾನಿಗೆ ಮಾತ್ರ ಸೀಮಿತವಾಗಿ ಬಂತು. 2023ರ ಫೆಬ್ರುವರಿ 16ರಂದು ನಿಂಟೆಂಡೊ ಸ್ವಿಚ್ ಮತ್ತು ಪ್ಲೇಸ್ಟೇಷನ್ 4 ಯಂತ್ರಗಳಿಗೆ ಬಂದ ಫೈನಲ್ ಬಾರ್ ಲೈನ್‌ನ ಮೂಲ ಪ್ರತಿಯಲ್ಲೇ 385 ಹಾಡುಗಳಿವೆ. ನಾಲ್ಕು ಪಾತ್ರಗಳ ಒಂದು ತಂಡ ಕಟ್ಟಿಕೊಂಡು, ಹಾಡಿಗೆ ತಕ್ಕಂತೆ ಹರಿದು ಬರುವ ಗುರುತುಗಳನ್ನು ಸರಿಯಾದ ಕ್ಷಣದಲ್ಲಿ ಒತ್ತಬೇಕು. ಈ ಗುರುತುಗಳಿಗೆ ಆಟದಲ್ಲಿ ಟ್ರಿಗರ್ ಎಂಬ ಹೆಸರಿದೆ: ಕೆಂಪಾದರೆ ಒತ್ತುವುದು, ಹಸಿರಾದರೆ ಒತ್ತಿ ಹಿಡಿಯುವುದು, ಹಳದಿಯಾದರೆ ಬಾಣದ ದಿಕ್ಕಿಗೆ ಸ್ಟಿಕ್ (ಕಂಟ್ರೋಲರ್‌ನ ಪುಟ್ಟ ಹಿಡಿಕೆ) ತಳ್ಳುವುದು. ಯುದ್ಧದ ಹಾಡುಗಳಲ್ಲಿ ನಮ್ಮ ತಂಡ ಶತ್ರುಗಳೊಡನೆ ಕಾದಾಡುತ್ತದೆ, ಬಯಲಿನ ಹಾಡುಗಳಲ್ಲಿ ದಾರಿ ನಡೆಯುತ್ತದೆ, ಮೂರನೆಯ ಬಗೆಯ ಹಾಡುಗಳಲ್ಲಿ ಮೂಲ ಆಟದ ದೃಶ್ಯಗಳು ಹಿಂದೆ ಓಡುತ್ತಿರುತ್ತವೆ.

ನಾನು ಮೊದಲು ಕೈಗೆತ್ತಿಕೊಂಡದ್ದು ನಿಖರತೆಯ ದೂರನ್ನು. ಒತ್ತಿದ ಕ್ಷಣಕ್ಕೆ ತಕ್ಕಂತೆ ಕ್ರಿಟಿಕಲ್, ಗ್ರೇಟ್, ಗುಡ್, ಬ್ಯಾಡ್, ಮಿಸ್ ಎಂದು ತೀರ್ಪು ಬರುತ್ತದೆ. ಕ್ರಿಟಿಕಲ್‌ಗಿಂತಲೂ ಮೇಲೆ, ಕೂದಲೆಳೆಯಷ್ಟೂ ಆಚೀಚೆಯಾಗದಿದ್ದರೆ ಸಿಗುವ ರೇನ್‌ಬೋ ಕ್ರಿಟಿಕಲ್ ಇದೆ. ನನ್ನ ಗೆಳೆಯರೊಬ್ಬರು, “ಹಾಡಿಗೆ ಸರಿಯಾಗಿಯೇ ಒತ್ತುತ್ತೇನೆ, ಆದರೂ ಗ್ರೇಟ್ ದಾಟುವುದಿಲ್ಲ ಕಣ್ರೀ, ಆಟದ ಲೆಕ್ಕವೇ ಸರಿಯಿಲ್ಲ” ಎನ್ನುತ್ತಿದ್ದರು. ಅವರ ಮನೆಗೆ ಹೋಗಿ ಅವರ ಟಿವಿಯಲ್ಲೇ ಆಡಿದಾಗ ಕಾರಣ ಗೊತ್ತಾಯಿತು. ಚಿತ್ರವನ್ನು ಚೆಂದಗಾಣಿಸಲು ಟಿವಿ ನಡೆಸುವ ಸಂಸ್ಕರಣೆಗಳೆಲ್ಲ ಚಾಲೂ ಇದ್ದವು. ಬೆರಳು ಒತ್ತಿದ್ದಕ್ಕೂ ತೆರೆಯ ಮೇಲೆ ಫಲ ಕಾಣುವುದಕ್ಕೂ ನಡುವೆ ಸಣ್ಣ ಅಂತರವಿತ್ತು. ಸಿನಿಮಾ ನೋಡುವವರಿಗೆ ಅದು ತಿಳಿಯುವುದೇ ಇಲ್ಲ, ತಾಳ ಹಾಕುವವರಿಗೆ ಅದು ಪ್ರತಿ ಪೆಟ್ಟಿನಲ್ಲೂ ತಿಳಿಯುತ್ತದೆ. ಟಿವಿಯನ್ನು ಗೇಮ್ ಮೋಡ್‌ಗೆ ಬದಲಿಸಿ, ಆಮೇಲೆ ಆಟದ ಸೆಟ್ಟಿಂಗ್ಸ್‌ನಲ್ಲಿರುವ ಸಮಯ ಹೊಂದಾಣಿಕೆಯನ್ನು ಒಂದೊಂದೇ ಹೆಜ್ಜೆ ಸರಿಸುತ್ತಾ, ಪ್ರತಿ ಬದಲಾವಣೆಯ ನಂತರ ಅದೇ ಹಾಡಿನ ಮೊದಲ ಭಾಗವನ್ನು ಆಡಿಸಿದೆವು. ನಾನು ಧ್ವನಿಗಾಗಿ ಕಂಟ್ರೋಲರ್‌ನ ತೂತಿಗೇ ತಂತಿಯ ಇಯರ್‌ಫೋನ್ ಚುಚ್ಚಿಕೊಳ್ಳುತ್ತೇನೆ, ಏಕೆಂದರೆ ನಿಸ್ತಂತು ಇಯರ್‌ಫೋನ್‌ಗಳು ತಮ್ಮದೇ ತಡವನ್ನು ಸೇರಿಸುತ್ತವೆ. ಈ ಕೆಲಸ ಮುಗಿಯುವವರೆಗೆ ಆಟದ ನಿಖರತೆಯ ಬಗ್ಗೆ ಯಾರ ಅಭಿಪ್ರಾಯವನ್ನೂ, ನನ್ನದನ್ನೂ ಸೇರಿಸಿ, ಗಣನೆಗೆ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ನಿಲುವು.

ಸ್ಟೈಲಸ್ ಮತ್ತು ಬಟನ್‌ಗಳ ವಾದವನ್ನು ಪರಿಶೀಲಿಸಲು ಪರಿಚಿತರಿಂದ ಒಂದು 3ಡಿಎಸ್ ಎರವಲು ತಂದು, ಹಳೆಯ ಆಟ, ಹೊಸ ಆಟ ಎರಡರಲ್ಲೂ ಇರುವ ಹಾಡುಗಳನ್ನು ಒಂದರ ಹಿಂದೆ ಒಂದರಂತೆ ಆಡಿದೆ. ಹಳಬರ ಮಾತಿನಲ್ಲಿ ಹುರುಳಿದೆ. ಬಯಲಿನ ಹಾಡುಗಳಲ್ಲಿ ಹಸಿರು ಎಳೆ ಮೇಲೆ ಕೆಳಗೆ ಬಳುಕುತ್ತಾ ಸಾಗುವಾಗ ಸ್ಟೈಲಸ್ಸಿನ ತುದಿಯಿಂದ ಅದನ್ನು ಹಿಂಬಾಲಿಸುವುದು ರಾಗದ ಏರಿಳಿತವನ್ನು ಕೈಯಿಂದ ಬರೆದಂತೆಯೇ ಇರುತ್ತದೆ. ಬಟನ್ ಒತ್ತಿ ಹಿಡಿದು ಸ್ಟಿಕ್ ಅನ್ನು ಮೇಲೆ ಕೆಳಗೆ ವಾಲಿಸುವಾಗ ಆ ಸಲಿಗೆ ಬರುವುದಿಲ್ಲ. ಆದರೆ ಯುದ್ಧದ ಹಾಡುಗಳ ವೇಗದ ಭಾಗಗಳಲ್ಲಿ ಒಂದೇ ಕೈಯಲ್ಲಿ ಸ್ಟೈಲಸ್ ಬಡಿಯುವುದಕ್ಕಿಂತ ಎರಡು ಕೈಗಳ ಬೆರಳುಗಳನ್ನು ಸರದಿಯಲ್ಲಿ ಬಳಸುವುದು ಎಷ್ಟೋ ಮೇಲು. ಅಲ್ಲದೆ 2014ರ ಕರ್ಟನ್ ಕಾಲ್‌ನಲ್ಲೇ ಬಟನ್ ಆಯ್ಕೆಯನ್ನು ಕೊಟ್ಟಿದ್ದರು. ಹೊಸ ಆಟ ಹಠಾತ್ತನೆ ದಾರಿ ಬದಲಿಸಿತು ಎಂಬ ಆಕ್ಷೇಪ ಅಷ್ಟರ ಮಟ್ಟಿಗೆ ನಿಲ್ಲುವುದಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಆಕ್ಷೇಪ ತಾಳದ ಆಟಗಳಲ್ಲೇ ಪಳಗಿದವರದು. ಕೆಂಪು ಟ್ರಿಗರ್ ನಾಲ್ಕು ಸಾಲುಗಳಲ್ಲಿ ಯಾವುದರಲ್ಲಿ ಬಂದರೂ ಯಾವ ಬಟನ್ ಬೇಕಾದರೂ ಒತ್ತಬಹುದು. ಸಾಲಿಗೊಂದು ಬಟನ್ ಎಂಬ ಕಟ್ಟುಪಾಡಿಲ್ಲದ ಮೇಲೆ ಕೌಶಲಕ್ಕೆ ಬೆಲೆ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಬೇಸಿಕ್ ಮತ್ತು ಎಕ್ಸ್‌ಪರ್ಟ್ ಎಂಬ ಕೆಳಗಿನ ಎರಡು ಮಟ್ಟಗಳಲ್ಲಿ ಆಡಿ ನಿಲ್ಲಿಸಿದವರಿಗೆ ಇದು ನ್ಯಾಯವಾದ ಪ್ರಶ್ನೆಯಾಗಿಯೇ ಕಾಣುತ್ತದೆ. ಅಲ್ಟಿಮೇಟ್ ಮಟ್ಟಕ್ಕೆ, ಅಲ್ಲಿಂದ ಕೆಲವು ಹಾಡುಗಳಿಗೆ ಮಾತ್ರ ಇರುವ ಸುಪ್ರೀಮ್ ಮಟ್ಟಕ್ಕೆ ಹತ್ತಿದಾಗ ಕಷ್ಟ ಬೇರೆ ಕಡೆ ಇದೆಯೆಂದು ತಿಳಿಯುತ್ತದೆ. ಎರಡು ಟ್ರಿಗರ್‌ಗಳು ಜೋಡಿಯಾಗಿ ಬಂದಾಗ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಎರಡು ಬಾಣಗಳು ಬೇರೆ ಬೇರೆ ದಿಕ್ಕು ತೋರಿಸಿದಾಗ ಎರಡು ಸ್ಟಿಕ್‌ಗಳನ್ನು ಬೇರೆ ಬೇರೆ ಕಡೆಗೆ ಒಟ್ಟಿಗೆ ತಳ್ಳಬೇಕು. ಅದರ ಬೆನ್ನಿಗೇ ದಟ್ಟವಾದ ಕೆಂಪು ಸಾಲು ಬಂದರೆ ಹೆಬ್ಬೆರಳು ಸ್ಟಿಕ್‌ನಿಂದ ಬಟನ್‌ಗೆ ಮರಳುವಷ್ಟು ಸಮಯ ಇರುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ಹೆಬ್ಬೆರಳುಗಳನ್ನು ಸ್ಟಿಕ್‌ಗಳ ಮೇಲೆಯೇ ಬಿಟ್ಟು, ಒತ್ತುವ ಕೆಲಸವನ್ನೆಲ್ಲ ಮೇಲಂಚಿನ ಎಲ್1 ಮತ್ತು ಆರ್1 ಬಟನ್‌ಗಳ ಮೇಲಿರುವ ತೋರುಬೆರಳುಗಳಿಗೆ ವಹಿಸುವುದು. ಯಾವ ಬಟನ್ ಆದರೂ ಆಗುತ್ತದೆ ಎಂಬ ಸಡಿಲಿಕೆಯೇ ಈ ಏರ್ಪಾಟನ್ನು ಸಾಧ್ಯವಾಗಿಸಿದ್ದು. ಕೈಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ನಿರ್ಧಾರವನ್ನು ಆಟ ಆಟಗಾರನಿಗೇ ಬಿಟ್ಟಿದೆ, ಅದನ್ನು ನಾನು ಕೊರತೆ ಎನ್ನಲಾರೆ.

ನನ್ನ ಪರಿಶೀಲನೆಯಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು, ಹೆಚ್ಚು ಸಂತೋಷ ಕೊಟ್ಟದ್ದು, ಟ್ರಿಗರ್‌ಗಳ ಹೆಣಿಗೆ. ಆಟದ ಮೌಲ್ಯ ನಿಂತಿರುವುದು ಇದರ ಮೇಲೆ. ಅಭಿಪ್ರಾಯಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಐದನೆಯ ಫೈನಲ್ ಫ್ಯಾಂಟಸಿಯಲ್ಲಿ ದೊಡ್ಡ ಸೇತುವೆಯ ಮೇಲೆ ಗಿಲ್ಗಮೇಶ್‌ನೊಡನೆ ನಡೆಯುವ ಕಾಳಗಕ್ಕೆ ನೊಬುವೊ ಉಯೆಮಾತ್ಸು ಕಟ್ಟಿದ ಹಾಡನ್ನು ಎತ್ತಿಕೊಂಡು, ಅದನ್ನು ಕೆಳಗಿನ ಮಟ್ಟದಿಂದ ಮೇಲಿನವರೆಗೆ ಒಂದೊಂದಾಗಿ ಆಡುತ್ತಾ, ನನ್ನ ಬೆರಳು ಯಾವ ವಾದ್ಯದ ಜೊತೆ ಹೋಗುತ್ತಿದೆ ಎಂದು ಗಮನಿಸಿದೆ. ಕೆಳಮಟ್ಟದಲ್ಲಿ ಬೆರಳು ಮುಖ್ಯ ರಾಗದ ದೊಡ್ಡ ಪೆಟ್ಟುಗಳನ್ನು ಮಾತ್ರ ಹಿಡಿಯುತ್ತದೆ. ಮಟ್ಟ ಏರಿದಂತೆ ರಾಗದ ಒಳಗಿನ ಸಣ್ಣ ಸ್ವರಗಳೂ ಬೆರಳಿಗೆ ಬರುತ್ತವೆ. ಹಾಡಿನ ಆರಂಭದಲ್ಲಿ ಬಿಡುವೇ ಇಲ್ಲದೆ ಓಡುವ ಸ್ವರಗಳ ಸುರುಳಿ, ಕೇಳುವಾಗ ಬರಿಯ ಅಲಂಕಾರದಂತಿದ್ದದ್ದು, ಕೈಗೆ ಬಂದ ಮೇಲೆ ಹಾಡಿನ ಬೆನ್ನೆಲುಬು ಅದೇ ಎಂಬುದು ಮನವರಿಕೆಯಾಯಿತು. ವರ್ಷಗಟ್ಟಲೆ ಕೇಳಿದ್ದ ಹಾಡನ್ನು ಹೊಸದಾಗಿ ಕೇಳಿಸುವ ಈ ಗುಣವನ್ನು ನೆನಪುಗಳ ವ್ಯಾಪಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ದಟ್ಟ ಭಾಗಗಳನ್ನು ನಾನು ಕಣ್ಣಿನಿಂದ ಓದಿ ಆಡುವುದಿಲ್ಲ, ಜತಿ, ಅಂದರೆ ಮೃದಂಗದ ಬಾಯಿಪಾಠದ ಸೊಲ್ಲುಗಳನ್ನು ಹೇಳಿಕೊಂಡು ಆಡುತ್ತೇನೆ. ನಾಲ್ಕರ ಓಟಕ್ಕೆ ‘ತಕಧಿಮಿ’, ಮೂರರ ಓಟಕ್ಕೆ ‘ತಕಿಟ’ ಎಂದು ತುಟಿಯೊಳಗೇ ಹೇಳಿಕೊಂಡರೆ ಬೆರಳು ತಾನಾಗಿ ಅನುಸರಿಸುತ್ತದೆ. ನಾಲ್ಕರಲ್ಲಿ ಸಾಗುತ್ತಿದ್ದ ಹಾಡು ನಡುವೆ ತಿಶ್ರಕ್ಕೆ, ಅಂದರೆ ಮೂರರ ನಡೆಗೆ, ತಿರುಗುವಲ್ಲಿ ಬಹಳ ಆಟಗಾರರು ತಪ್ಪಿಲ್ಲದೆ ಒತ್ತಿಕೊಂಡು ಬಂದ ಸರಪಳಿಯನ್ನು ಕಳೆದುಕೊಳ್ಳುತ್ತಾರೆ. ಜತಿ ಬದಲಿಸಿದರೆ ಆ ತಿರುವು ಸಲೀಸಾಗಿ ದಾಟುತ್ತದೆ. ಪೆಟ್ಟಿನ ನಂತರ ಎತ್ತಿಕೊಳ್ಳುವ ಟ್ರಿಗರ್‌ಗಳು, ನಮ್ಮ ಕಡೆ ಅನಾಗತ ಗ್ರಹ ಎನ್ನುವ ಬಗೆಯವು, ತೆರೆಯನ್ನೇ ದಿಟ್ಟಿಸಿದರೆ ತಪ್ಪುತ್ತವೆ. ಕಾಲಿನಲ್ಲಿ ಮೂಲ ಲಯವನ್ನು ಬಿಡದೆ ತಟ್ಟುತ್ತಿದ್ದರೆ ಕೈಗೆ ಆ ಎಡೆ ಸಿಗುತ್ತದೆ. ನಿಧಾನದ ಹಾಡುಗಳು ಸುಲಭ ಎಂಬ ಅಭಿಪ್ರಾಯವನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಹತ್ತನೆಯ ಆಟದ, ಪಿಯಾನೋ ಒಂದೇ ನುಡಿಯುವ ‘ಟು ಜನಾರ್ಕಂಡ್’ನಂಥ ಹಾಡಿನಲ್ಲಿ ಆಸರೆಗೆ ತಾಳವಾದ್ಯವಿಲ್ಲ, ಪೆಟ್ಟು ಪೆಟ್ಟಿನ ನಡುವೆ ದೂರ ಹೆಚ್ಚು. ಅಲ್ಲಿ ರೇನ್‌ಬೋ ಕ್ರಿಟಿಕಲ್ ಗಳಿಸಲು ವಿಳಂಬ ಕಾಲದಲ್ಲಿ ಲಯ ಹಿಡಿದು ನಿಲ್ಲುವ ಸಂಯಮ ಬೇಕು.

ಪಾತ್ರಗಳ ಬೆಳವಣಿಗೆ, ಲೆವೆಲ್, ಮಂತ್ರಶಕ್ತಿ ಇವೆಲ್ಲ ತಾಳದ ಆಟಕ್ಕೆ ಅಂಟಿಸಿದ ಅಲಂಕಾರ ಎಂಬ ಮಾತು ಅರ್ಧ ನಿಜ. ತಂಡ ಎಷ್ಟೇ ಬಲಶಾಲಿಯಾಗಿದ್ದರೂ 99,99,999 ಎಂಬ ಪೂರ್ಣ ಸ್ಕೋರನ್ನು ತಂದುಕೊಡುವುದು ಬೆರಳಿನ ನಿಖರತೆಯೇ. ಆದರೆ ಒಂದೊಂದು ಮೂಲ ಆಟದ ಹಾಡುಗಳನ್ನು ಸಾಲಾಗಿ ದಾಟುತ್ತಾ ಹೋಗುವ ವಿಭಾಗದಲ್ಲಿ, ಹಾಡಿನೊಂದಿಗೆ ಒಂದು ಗುರಿಯನ್ನೂ ಕೊಡುತ್ತಾರೆ. ಇಂತಿಷ್ಟು ಸಮಯದೊಳಗೆ ದೊಡ್ಡ ಶತ್ರುವನ್ನು ಸೋಲಿಸಬೇಕೆಂಬ ಗುರಿ ಬಂದಾಗ ತಂಡದ ಆಯ್ಕೆಯನ್ನು ಯೋಚಿಸಿಯೇ ಮಾಡಬೇಕಾಗುತ್ತದೆ. ಗುಣಪಡಿಸುವ ಶಕ್ತಿಯ ಪಾತ್ರವನ್ನು ಸೇರಿಸಿಕೊಂಡರೆ ಕಷ್ಟದ ಹಾಡಿನಲ್ಲಿ ಪ್ರಾಣ ಉಳಿಯುತ್ತದೆ, ಆದರೆ ಶತ್ರುವಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ನಾನು ಹೊಸ ಹಾಡು ಕಲಿಯುವಾಗ ಒಂದು ತಂಡ, ಗುರಿ ಮುಟ್ಟುವಾಗ ಇನ್ನೊಂದು ತಂಡ ಎಂದು ಬೇರೆ ಬೇರೆಯಾಗಿ ಇಟ್ಟುಕೊಂಡೆ. ಸ್ಕೋರಿಗಾಗಿ ಮಾತ್ರ ಆಡುವವರು ಇದನ್ನೆಲ್ಲ ನಿರ್ಲಕ್ಷಿಸಬಹುದು. ಮೂಲ ಆಟಗಳ ರುಚಿ ಬಲ್ಲವರಿಗೆ ಇದು ಬೇಕೆನಿಸುತ್ತದೆ.

ಮೂಲ ಆಟಗಳನ್ನು ಆಡದವರಿಗೆ ಇಲ್ಲಿ ಏನೂ ಇಲ್ಲ ಎಂಬ ಅಭಿಪ್ರಾಯವನ್ನು ಪರಿಶೀಲಿಸಲು ನನ್ನ ನೆನಪುಗಳೇ ಅಡ್ಡಿ, ಆದ್ದರಿಂದ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೂಲ ಆಟಗಳ ಮುಖ್ಯ ಪಾತ್ರಗಳಾದ ಕ್ಲೌಡ್ ಯಾರು, ಟೆರ್ರಾ ಯಾರು ಎಂಬುದು ಅವಳಿಗೆ ಗೊತ್ತಿಲ್ಲ. ಇಬ್ಬರು ಒಂದೇ ಹಾಡಿನ ಟ್ರಿಗರ್‌ಗಳನ್ನು ಹಂಚಿಕೊಂಡು ಆಡುವ ಪೇರ್ ಸ್ಟೈಲ್‌ನಲ್ಲಿ ಶುರು ಮಾಡಿದೆವು. ಏಳನೆಯ ಆಟದ ಕೊನೆಯ ಕಾಳಗದ ಹಾಡಿನಲ್ಲಿ ಲ್ಯಾಟಿನ್ ಗಾಯನ ಮೊಳಗಿದಾಗ ಅವಳು ಕೈ ನಿಲ್ಲಿಸದೆಯೇ, “ಮಾಮ, ಇದೇನು ದೇವಸ್ಥಾನದಲ್ಲಿ ಜಗಳ ಆಡ್ತಿದ್ದಾರಾ?” ಎಂದು ಕೇಳಿದಳು. ಹಾಡು ಮುಗಿದ ಮೇಲೆ ಆ ಆಟದ ಖಳನಾಯಕ ಸೆಫಿರಾತ್‌ನ ಕಥೆ ಹೇಳಿದೆ, ಆಸಕ್ತಿಯಿಂದ ಕೇಳಿದಳು. ಆದರೆ ಮತ್ತೆ ಮತ್ತೆ ಹಾಕಿಸಿಕೊಂಡದ್ದು ಎಂಟನೆಯ ಆಟದ ನೃತ್ಯದ ದೃಶ್ಯಕ್ಕೆ ಬರುವ ವಾಲ್ಟ್ಜ್ ಅನ್ನು, ಅದರ ಮೂರರ ನಡೆ ಕೈಗೆ ಹಿತವಾಗಿ ಕೂರುತ್ತದೆ ಎಂಬ ಕಾರಣಕ್ಕೆ. ಆಮೇಲೆ ಒಂದೇ ಬಟನ್‌ನಲ್ಲಿ ಎಲ್ಲ ಟ್ರಿಗರ್ ಒತ್ತುವ ಸಿಂಪಲ್ ಸ್ಟೈಲ್‌ನಲ್ಲಿ ತಾನೊಬ್ಬಳೇ ಆಡಿದಳು. ಕಥೆ ಗೊತ್ತಿಲ್ಲದವರು ಕಳೆದುಕೊಳ್ಳುವುದು ನಿಜ, ಹಿಂದೆ ದೃಶ್ಯಗಳು ಓಡುವ ಹಾಡುಗಳು ಅವರಿಗೆ ಸಪ್ಪೆಯಾಗುವುದೂ ನಿಜ. ಸಂಗೀತ ಮಾತ್ರ ಅವರ ಪಾಲಿಗೂ ಪೂರ್ತಿಯಾಗಿಯೇ ಉಳಿಯುತ್ತದೆ.

ಹೆಚ್ಚುವರಿ ಹಾಡುಗಳ ಮಾರಾಟದ ಬಗ್ಗೆ ಇರುವ ಅಸಮಾಧಾನವನ್ನು ನಾನೂ ಹಂಚಿಕೊಳ್ಳುತ್ತೇನೆ. ಸಾಗಾ, ಕ್ರೋನೊ, ಮಾನಾ, ನಿಯರ್ ಮೊದಲಾದ ಬೇರೆ ಸರಣಿಗಳ ಹಾಡುಗಳು ಸೇರಿದರೆ ಸಂಖ್ಯೆ 500 ದಾಟುತ್ತದೆ, ಆದರೆ ಅವೆಲ್ಲ ಪ್ರತ್ಯೇಕ ಬೆಲೆಗೆ ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಪ್ರತಿಯ ಬೆಲೆ ಮಧ್ಯಮ ವರ್ಗದ ಆಟಗಾರನಿಗೆ ಹಗುರವಲ್ಲ. ಮೂಲ ಪ್ರತಿಯ 385 ಹಾಡುಗಳನ್ನು ಅಲ್ಟಿಮೇಟ್‌ನಲ್ಲಿ ಪಳಗಿಸಿಕೊಳ್ಳಲೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೇಳಿದವರಿಗೆಲ್ಲ ಮೊದಲು ಅದನ್ನೇ ಕೊಳ್ಳಿ, ಮೆಚ್ಚಿನ ಸರಣಿಯಿದ್ದರೆ ಅದರ ಹಾಡುಗಳನ್ನು ಮಾತ್ರ ಆಮೇಲೆ ಸೇರಿಸಿಕೊಳ್ಳಿ ಎನ್ನುತ್ತೇನೆ.

ಕೊಳ್ಳುವ ಮೊದಲು ಸ್ವತಃ ತೂಗಿ ನೋಡಬೇಕೆನ್ನುವವರಿಗೆ ಬಿಡುಗಡೆಗೆ ಮುನ್ನವೇ ಉಚಿತ ಡೆಮೊ ಒಂದನ್ನು ಕೊಟ್ಟಿದ್ದರು, ಅದರಲ್ಲಿ ಆಡಿದ್ದು ಪೂರ್ಣ ಆಟಕ್ಕೂ ಮುಂದುವರಿಯುತ್ತದೆ. ಅದನ್ನು ಆಡುವವರು ಟಿವಿಯ ಗೇಮ್ ಮೋಡ್ ಮತ್ತು ಸಮಯ ಹೊಂದಾಣಿಕೆಯನ್ನು ಮುಗಿಸಿಕೊಂಡು, ಟ್ರಿಗರ್‌ಗಳ ವೇಗವನ್ನು ತಮ್ಮ ಕಣ್ಣಿಗೆ ಒಗ್ಗುವಷ್ಟಕ್ಕೆ ಏರಿಸಿಕೊಳ್ಳಲಿ. ವೇಗ ಕಡಿಮೆಯಿದ್ದಷ್ಟೂ ಟ್ರಿಗರ್‌ಗಳು ಒತ್ತೊತ್ತಾಗಿ ಕಂಡು ಓದುವುದು ಕಷ್ಟವಾಗುತ್ತದೆ. ಬಳಿಕ ಮೆಚ್ಚಿನ ಒಂದೇ ಹಾಡನ್ನು ಎಕ್ಸ್‌ಪರ್ಟ್‌ನಲ್ಲಿ, ಅದು ಕೂತ ಮೇಲೆ ಅಲ್ಟಿಮೇಟ್‌ನಲ್ಲಿ ಆಡಲಿ, ಆಡುವಾಗ ಬೆರಳು ಯಾವ ವಾದ್ಯವನ್ನು ಹಿಂಬಾಲಿಸುತ್ತಿದೆ ಎಂಬುದರ ಕಡೆ ಕಿವಿ ಇಡಲಿ.