ಓದಲು ಜಪಾನಿಗೆ: ಹೊರಡುವ ಮುನ್ನ ಮತ್ತು ಮೊದಲ 14 ದಿನ ನಾನು ಮಾಡಿದ್ದು

ತಯಾರಿ ಶುರು ಮಾಡಬೇಕಾದದ್ದು ಪಾಸ್‌ಪೋರ್ಟಿನ ಹೆಸರಿನಿಂದ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಜಪಾನಿನಲ್ಲಿ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿಯಾದ ರೆಸಿಡೆನ್ಸ್ ಕಾರ್ಡ್‌ಗೆ ಪಾಸ್‌ಪೋರ್ಟಿನ ಹೆಸರೇ ಬರುತ್ತದೆ. ಬ್ಯಾಂಕು, ಫೋನು, ವಿಮೆ ಎಲ್ಲಕ್ಕೂ ಆ ಕಾರ್ಡೇ ಆಧಾರ. ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಅಕ್ಷರ ಬಿಡದೆ ಅದನ್ನೇ ಬರೆದೆ. ಜೊತೆಗೆ ನನ್ನ ಹೆಸರು ಕತಕಾನಾದಲ್ಲಿ, ಅಂದರೆ ವಿದೇಶಿ ಹೆಸರುಗಳನ್ನು ಬರೆಯುವ ಜಪಾನಿ ಲಿಪಿಯಲ್ಲಿ, ಹೇಗೆ ಎಂದು ನಿರ್ಧರಿಸಿ, ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಅಲ್ಲಿ ಹಣ ವರ್ಗಾವಣೆಗೆ ಖಾತೆದಾರರ ಕತಕಾನಾ ಹೆಸರು ಹೊಂದಬೇಕು. ದೀರ್ಘ ಸ್ವರದ ಒಂದು ಗೆರೆ ತಪ್ಪಿದರೂ ಹಣ ವಾಪಸ್ ಹೋಗಬಹುದು.

ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿಯನ್ನು, ಅಂದರೆ ಸಿಒಇಯನ್ನು, ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಅಲ್ಲಿನ ವಲಸೆ ಇಲಾಖೆಯಿಂದ ಪಡೆದು ಕಳಿಸುತ್ತದೆ. ಅದನ್ನು ಕೊಟ್ಟ ದಿನದಿಂದ 3 ತಿಂಗಳೊಳಗೆ ಜಪಾನಿನಲ್ಲಿ ಇಳಿದಿರಬೇಕು. ವೀಸಾ ಕೈಗೆ ಬರುವ ತನಕ ಟಿಕೆಟ್ ತೆಗೆಯದಿರುವುದೇ ಕ್ಷೇಮ.

ಔಷಧಿಯ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟು. ವೈದ್ಯರು ಬರೆದುಕೊಟ್ಟ ಮಾತ್ರೆ 1 ತಿಂಗಳಿಗಾಗುವಷ್ಟು, ಅಂಗಡಿಯಲ್ಲಿ ನೇರವಾಗಿ ಸಿಗುವಂಥದ್ದು 2 ತಿಂಗಳಿಗಾಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚಿಗೆ ಯುನ್ಯು ಕಕುನಿನ್‌ಶೊ ಎಂಬ ಆಮದು ದೃಢೀಕರಣವನ್ನು ಮುಂಚೆಯೇ ಪಡೆಯಬೇಕು. ನೆಗಡಿ ಮಾತ್ರೆಯ ಹಿಂದಿನ ಸಣ್ಣ ಅಕ್ಷರ ಓದಿ: ಕಟ್ಟಿದ ಮೂಗು ಬಿಡಿಸುವ ಸೂಡೋಎಫಿಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ತರುವಂತೆಯೇ ಇಲ್ಲ. ಅಫೀಮು ವರ್ಗದ ಕೋಡೀನ್ ಇರುವ ಕೆಮ್ಮಿನ ಸಿರಪ್ಪನ್ನು ಮನೆಯಲ್ಲೇ ಬಿಟ್ಟೆ.

ಅಡುಗೆ ಸಾಮಾನಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ದೆ. ಹಸಿ ಕರಿಬೇವು, ಹಣ್ಣು, ಅಕ್ಕಿ, ಕಾಳು, ಬಿತ್ತನೆ ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಮಿಕ್ಸಿ ಹೊರುವುದು ವ್ಯರ್ಥ: ಅಲ್ಲಿ ವಿದ್ಯುತ್ 100 ವೋಲ್ಟ್, ನಮ್ಮದು 230ಕ್ಕೆ ಮಾಡಿದ್ದು, ಬ್ಲೇಡು ತಿರುಗಿದರೂ ಕಾಯಿ ಅರೆಯುವುದಿಲ್ಲ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳ ಮೇಲೆ 100–240 ಎಂದಿದ್ದರೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು. ಕುಕ್ಕರ್ ಒಯ್ಯುವವರು ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದ ಅಲ್ಯೂಮಿನಿಯಂ ಕುಕ್ಕರ್ ಹಾಸ್ಟೆಲಿನ ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ. ಸಸ್ಯಾಹಾರಿಗಳಿಗೆ ದೊಡ್ಡ ತೊಡಕು ಮಾಂಸವಲ್ಲ, ದಾಶಿ. ಒಣಮೀನು ಕುದಿಸಿ ತೆಗೆದ ಈ ರಸ ಬರೀ ತರಕಾರಿ, ತೋಫು ಕಾಣುವ ಮಿಸೊ (ಹುದುಗಿಸಿದ ಸೋಯಾ) ಸೂಪಿನಲ್ಲೂ ಇರುತ್ತದೆ. "ನಿಕು (ಮಾಂಸ) ಬೇಡ" ಎಂದಷ್ಟೇ ಹೇಳಿದರೆ ಮೀನು ಬಂದೇ ಬರುತ್ತದೆ; "ಸಕಾನಾ (ಮೀನು), ದಾಶಿ" ಎಂದೂ ಸೇರಿಸಿ ಹೇಳಬೇಕು.

ಭಾರತದ ಸಿಮ್‌ಗೆ ಹೊರಡುವ ಮುಂಚೆಯೇ ರೋಮಿಂಗ್ ಹಾಕಿಸಿದೆ. ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಮನೆಯಿಂದ ಬಂದ ದುಡ್ಡು ಖಾತೆಯಲ್ಲೇ ಕೂರುತ್ತದೆ. ಕೈಯಲ್ಲಿ 80,000 ಯೆನ್ ನಗದು ಇಟ್ಟುಕೊಂಡೆ, ಉಳಿದದ್ದು ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ.

ನರಿಟಾ, ಹನೆಡಾ, ಕನ್ಸಾಯ್‌ನಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ರೆಸಿಡೆನ್ಸ್ ಕಾರ್ಡ್ ಅಲ್ಲೇ ಕೈಗೆ ಸಿಗುತ್ತದೆ. ಪಾರ್ಟ್‌ಟೈಮ್ ಕೆಲಸ ಮಾಡುವ ಯೋಚನೆಯಿದ್ದರೆ ಅದೇ ಕೌಂಟರಿನಲ್ಲಿ ಅನುಮತಿಯ ಫಾರಂ ಕೊಡಿ. ತರಗತಿಗಳಿರುವಾಗ ಮಿತಿ ವಾರಕ್ಕೆ 28 ಗಂಟೆ. ಅದನ್ನು ಮೀರಿದರೆ ವೀಸಾ ನವೀಕರಣಕ್ಕೇ ಕುತ್ತು.

ವಾಸದ ಮನೆ ಗೊತ್ತಾದ ಮೇಲೆ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಕಾರ್ಡಿನ ಹಿಂಬದಿಯಲ್ಲಿ ಅದನ್ನು ಮುದ್ರಿಸಿ ಕೊಡುತ್ತಾರೆ. ಅದೇ ದಿನ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಿದೆ. ಆಮೇಲೆ ಆಸ್ಪತ್ರೆ ಖರ್ಚಿನಲ್ಲಿ ನಮ್ಮ ಪಾಲು ಶೇ 30. ವಯಸ್ಸು 20 ತುಂಬಿದವರಿಗೆ ಪಿಂಚಣಿ ಕಂತೂ ಬೀಳುತ್ತದೆ, ವಿದ್ಯಾರ್ಥಿ ವಿನಾಯಿತಿಯನ್ನು ಬಾಯಿಬಿಟ್ಟು ಕೇಳಬೇಕು. ಇದಾದ ಮೇಲೆ ಕರೆ ಸೌಲಭ್ಯವಿರುವ ಸಿಮ್, ಆಮೇಲೆ ಬ್ಯಾಂಕು. ಫೋನ್ ನಂಬರಿಲ್ಲದೆ ಖಾತೆ ತೆರೆಯುವುದು ಕಷ್ಟ, ಡೇಟಾ ಸಿಮ್ಮಿಗೆ ಆ ನಂಬರ್ ಇರುವುದಿಲ್ಲ. ಬ್ಯಾಂಕಿನ ಕ್ಯಾಶ್ ಕಾರ್ಡ್ (ಎಟಿಎಂ ಕಾರ್ಡ್) ಅಂಚೆಯಲ್ಲಿ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಹಿಂದಿರುಗಿ ಹೋಗುವ ಸಂಭವವಿದೆ, ಚೀಟಿಯಲ್ಲಿದ್ದ ಆ ಕತಕಾನಾ ಹೆಸರನ್ನೇ ಅಲ್ಲಿ ಅಂಟಿಸಿ.