ತಾತ, ನೈಂಟಿನಾ ಕ್ವಾರ್ಟರಾ?

ವಯಸ್ಸು, ಕುಡಿತ ಎರಡೂ ಸೇರಿದಾಗ ಲಿವರ್ ಗತಿ ಏನಾಗುತ್ತದೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಕೋಲಾರದ ಸುತ್ತಮುತ್ತಲ ಹಳ್ಳಿಗಳ, 50 ದಾಟಿದ ಗಂಡಸರನ್ನು ಮಾತಾಡಿಸಿ, ಒಪ್ಪಿಗೆ ಪಡೆದು ರಕ್ತ ತೆಗೆಯುತ್ತೇವೆ. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಎಸ್‌ಟಿ, ಎಎಲ್‌ಟಿ ಅನ್ನೋ ಕಿಣ್ವಗಳು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟಿವೆ ಅಂತ ಮೆಷಿನ್ ಹೇಳುತ್ತದೆ. ವಯಸ್ಸೆಷ್ಟು, ಇಷ್ಟು ವರ್ಷ ಎಷ್ಟು ಕುಡಿದರು ಅನ್ನೋದನ್ನು ನಾವೇ ಕೇಳಿ ತಿಳಿಯಬೇಕು. ನನ್ನ ಪ್ರಕಾರ ಅಧ್ಯಯನದ ಜೀವ ಇರೋದೇ ಅಲ್ಲಿ.

"ಎಷ್ಟು ತಗೋತೀರಾ ತಾತ?" ಅಂದರೆ, "ಏನೋ ಸ್ವಲ್ಪ ಕಣಮ್ಮ, ಮೈಕೈ ನೋವಿಗೆ" ಅನ್ನುತ್ತಾರೆ. ಅದಕ್ಕೇ ಮೇಜಿನ ಮೇಲೆ ಖಾಲಿ ನೈಂಟಿ ಪ್ಯಾಕೆಟ್, ಕ್ವಾರ್ಟರ್ ಬಾಟಲಿ ಇಟ್ಟಿರುತ್ತೇನೆ. ನೋಡಿದ ತಕ್ಷಣ ಕೈ ಒಂದರ ಕಡೆ ಹೋಗುತ್ತದೆ. "ಇದು, ಸಂಜೆಗೊಂದು. ಸಂತೆ ದಿನ ಎರಡು." ಆಮೇಲೆ ಲೆಕ್ಕ ಸುಲಭ. ವಿಸ್ಕಿ, ರಮ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 42.8%. ಅಂದರೆ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ, ನೈಂಟಿಯಲ್ಲಿ 30.

ಹಳೇ ಕುಡಿತಕ್ಕೆ 2007 ಒಳ್ಳೇ ಗುರುತು. ರಾಜ್ಯದಲ್ಲಿ ಸಾರಾಯಿ ನಿಂತ ವರ್ಷ. "ಸಾರಾಯಿ ನಿಲ್ಲೋಕೆ ಮುಂಚೆ ಎಷ್ಟು, ಆಮೇಲೆ ಎಷ್ಟು?" ಅಂತ ಕೇಳಿದರೆ ಎಲ್ಲರಿಗೂ ನೆನಪಿದೆ.

ವಯಸ್ಸಿನದು ಇನ್ನೂ ಕಷ್ಟ. ಆಧಾರ್‌ನಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನ ಜನವರಿ 1, ಇಸವಿಯೂ ಅಂದಾಜಿನದು. ಇಂದಿರಾ ಗಾಂಧಿ ತೀರಿಕೊಂಡಾಗ ಮದುವೆ ಆಗಿತ್ತಾ? ಕೆಜಿಎಫ್ ಗಣಿ ಮುಚ್ಚಿದಾಗ ಮಗ ಎಷ್ಟನೇ ಕ್ಲಾಸು? 1984, 2001 ಹಿಡಿದುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಇದು ಸುಮ್ನೆ ಅಲ್ಲ. ಲಿವರ್ ಹಾಳಾಗಿ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡುವ ಫಿಬ್-4 ಲೆಕ್ಕದಲ್ಲಿ ವಯಸ್ಸನ್ನೇ ಎಎಸ್‌ಟಿಯಿಂದ ಗುಣಿಸುತ್ತೇವೆ. ರಕ್ತದ ರಿಪೋರ್ಟ್ ಅದೇ ಇದ್ದರೂ, 60ರವರನ್ನು 70 ಅಂತ ಬರೆದರೆ 1.8 ಇದ್ದ ಅಂಕ 2.1 ಆಗುತ್ತದೆ, ಅಂದರೆ ಲಿವರ್ ಇರೋದಕ್ಕಿಂತ ಹೆಚ್ಚು ಹಾಳಾದಂತೆ ಕಾಣುತ್ತದೆ.

"ಚಿಕ್ಕ ವಯಸ್ಸಿಂದ ಇಷ್ಟೇ ಕುಡೀತಿರೋದು, ಈಗೇನು ಹೊಸದಾಗಿ ಆಗುತ್ತೆ?" ಈ ಪ್ರಶ್ನೆಗೆ ಮಾತ್ರ ನಿಧಾನವಾಗಿ ಕೂತು ಉತ್ತರ ಕೊಡುತ್ತೇನೆ. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಕಡಿಮೆ ಆಗುತ್ತದೆ. ಅದೇ ನೈಂಟಿ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಏರುತ್ತದೆ. ಲಿವರ್ ಸ್ವಲ್ಪ ಕುಗ್ಗಿರುತ್ತದೆ, ಅದಕ್ಕೆ ಹರಿಯುವ ರಕ್ತವೂ ಕಡಿಮೆ. ಪೆಟ್ಟು ಬಿದ್ದರೆ ಚೇತರಿಸಿಕೊಳ್ಳೋದು ತಡ.

ಆದರೆ ದಿನಾ ಕುಡಿಯೋರಿಗೆ "ನಾಳೆಯಿಂದ ಬಿಟ್ಟುಬಿಡಿ" ಅಂತ ಹೇಳಿ ಕಳಿಸುವುದಿಲ್ಲ. ಒಂದೇ ಸಲ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ರಕ್ತ ತೆಗೆದ ಮೇಲೆ ಅಂಥವರನ್ನು ಡಾಕ್ಟರ್ ರೂಮಿನವರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.