ಕಾರವಾರದ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಗಾಳಿ ಅಳೆದ ಅನುಭವ

ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಎಷ್ಟು ಆವಿ ಇದೆ ಅಂತ ಅಳೆಯಲು ಯಾವ ಅಂಗಡಿಗೆ ಹೋದರೂ ನಾನು ಮೊದಲು ನೋಡುವುದು ಹಿಂದುಗಡೆ ಇಟ್ಟ ಕ್ಯಾನನ್ನು. ಕೆಲವರು ಟರ್ಪೆಂಟೈನ್ ಥರದ ಪೆಟ್ರೋಲಿಯಂ ಎಣ್ಣೆ ಬಳಸುತ್ತಾರೆ, ಜನ ಪೆಟ್ರೋಲ್ ವಾಶ್ ಅನ್ನುವುದು ಅದಕ್ಕೇ. ಮುಚ್ಚಿದ ಮಷೀನ್ ಇದ್ದಲ್ಲಿ ಬಟ್ಟೆ ತೊಳೆಯುವ ದ್ರವ ಹೆಚ್ಚಾಗಿ ಪರ್ಕ್, ಅಂದರೆ ಪರ್‌ಕ್ಲೋರೋಎಥಿಲೀನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 'ಬಹುಶಃ ಕ್ಯಾನ್ಸರ್ ತರುವ' ಪಟ್ಟಿಯಲ್ಲಿ ಇಟ್ಟಿದೆ. ಗಾಳಿಯಲ್ಲಿ ಎಷ್ಟು ಇರಬಹುದು ಅನ್ನುವ ಮಿತಿ ಎರಡಕ್ಕೂ ಬೇರೆ, ಲೆಕ್ಕ ಬೇರೆ.

ಸಾಮಾನು ಜಾಸ್ತಿ ಏನಿಲ್ಲ. ಸೊಂಟಕ್ಕೆ ಕಟ್ಟುವ ಸಣ್ಣ ಪಂಪು, ಒಂದು ಪೈಪು, ಬೆರಳುದ್ದದ ಗಾಜಿನ ನಳಿಕೆ. ನಳಿಕೆಯೊಳಗೆ ಆವಿ ಹಿಡಿಯುವ, ತೆಂಗಿನ ಗರಟೆಯ ಇದ್ದಿಲಿನ ಪುಡಿ ಎರಡು ಭಾಗವಾಗಿ ಇರುತ್ತದೆ. ಎರಡೂ ತುದಿ ಮುರಿದು, ಇದ್ದಿಲು ಕಡಿಮೆ ಇರುವ ಭಾಗ ಪಂಪಿನ ಕಡೆ ಬರುವಂತೆ ಕೆಲಸಗಾರನ ಕಾಲರಿಗೆ ಸಿಕ್ಕಿಸಬೇಕು, ಮೂಗಿನಿಂದ ಒಂದು ಅಡಿಯೊಳಗೆ. ಗೋಡೆಗೆ ನೇತುಹಾಕಿದರೆ ಗೋಡೆ ಉಸಿರಾಡಿದ್ದು ಗೊತ್ತಾಗುತ್ತದೆ, ಮನುಷ್ಯ ಉಸಿರಾಡಿದ್ದಲ್ಲ.

ನಮ್ಮ ಕರಾವಳಿಯಲ್ಲಿ ತಲೆನೋವು ತೇವದ್ದು. ಇದ್ದಿಲು ನೀರಿನ ಹಬೆಯನ್ನೂ ಹಿಡಿಯುತ್ತದೆ, ಆಗ ಪರ್ಕ್ ಮುಂದಿನ ಭಾಗದಲ್ಲಿ ನಿಲ್ಲದೆ ಹಿಂದಿನ ಭಾಗಕ್ಕೆ ದಾಟಿ ಅಳತೆ ಕೆಡಬಹುದು. ಅದಕ್ಕೆ ನಾನು ನಿಮಿಷಕ್ಕೆ 50 ಮಿಲೀ ಮಾತ್ರ ಗಾಳಿ ಎಳೆಯುತ್ತೇನೆ, ನಾಲ್ಕು ತಾಸಿಗೆ 12 ಲೀಟರ್ ಆಯ್ತು. ಊಟದ ಹೊತ್ತಿಗೆ ನಳಿಕೆ ಬದಲು. ಪಂಪಿನ ವೇಗವನ್ನು ಶುರುವಿಗೂ ಕೊನೆಗೂ ಅಳೆಯುತ್ತೇನೆ. ಗಾಳಿ ಎಳೆಯದ ಒಂದು ನಳಿಕೆಯೂ ಜೊತೆಗೆ ಲ್ಯಾಬಿಗೆ ಹೋಗುತ್ತದೆ. ಅದರಲ್ಲೂ ಪರ್ಕ್ ಸಿಕ್ಕರೆ ದಾರಿಯಲ್ಲಿ ಎಲ್ಲೋ ಸೇರಿಕೊಂಡಿದೆ ಅಂತ ಅರ್ಥ. ಎಲ್ಲಾ ಮುಚ್ಚಳ ಹಾಕಿ, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ಪೆಟ್ಟಿಗೆ ಹೊಸದೇ ಆಗಬೇಕು, ಮೀನಿನದ್ದು ಬೇಡ.

ಆದರೆ ಅಳತೆಯ ಜೀವ ಇರುವುದು ನೋಟ್‌ಬುಕ್ಕಿನಲ್ಲಿ. ನಾನು ಮಷೀನಿನ ಪಕ್ಕ ಸ್ಟೂಲ್ ಹಾಕಿ ಕೂತು, ಯಾವಾಗ ಬಾಗಿಲು ತೆಗೆದರು, ಎಷ್ಟು ಹೊತ್ತು ಬಗ್ಗಿದರು ಅಂತ ಬರೆಯುತ್ತೇನೆ. ಮದುವೆ ಸೀಸನ್ನಿನಲ್ಲಿ ಒಬ್ಬ ಹುಡುಗ ಒಣಗುವ ಸುತ್ತು ಮುಗಿಯುವ ಮೊದಲೇ ಬಾಗಿಲು ಎಳೆದ. ಬಿಸಿ ಸೀರೆಗಳನ್ನು ತೆಗೆಯಲು ಹೆಗಲವರೆಗೆ ಡ್ರಮ್ಮಿನೊಳಗೆ ಹೋದ.

"ತಮ್ಮಾ, ವಾಸನೆ ಹೊಡೀತಿಲ್ವಾ?" ಅಂದೆ.

"ಇಲ್ಲ ಸರ್, ಬೆಳಿಗ್ಗೆ ಬಂದಾಗ ಸ್ವಲ್ಪ ಬರ್ತದೆ. ಆಮೇಲೆ ಎಂತದೂ ಗೊತ್ತಾಗೂದಿಲ್ಲ."

ಮೂಗು ಒಗ್ಗಿಹೋಗುತ್ತದೆ, ಪರ್ಕ್ ಮಾತ್ರ ಅಲ್ಲೇ ಇರುತ್ತದೆ.

ಪೂರ್ತಿ ಪಾಳಿಯ ಸರಾಸರಿ ಒಂದನ್ನೇ ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ ಪರ್ಕಿಗೆ ಶಿಫಾರಸು ಮಾಡಿದ ಮಿತಿ ಎಂಟು ತಾಸಿಗೆ ಸರಾಸರಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ), 15 ನಿಮಿಷಕ್ಕೆ 100. ಒಬ್ಬರು 15 ನಿಮಿಷ 200ರಲ್ಲಿ, ಉಳಿದ ಹೊತ್ತು 5ರಲ್ಲಿ ಇದ್ದರು ಅಂದುಕೊಳ್ಳಿ. ಸರಾಸರಿ ಬರುವುದು ಸುಮಾರು 11! ಕಾಗದದ ಮೇಲೆ ಎಲ್ಲ ಸರಿ, ಆದರೆ ಆ 15 ನಿಮಿಷ ಮಿತಿಯ ಎರಡು ಪಟ್ಟು. ಆದ್ದರಿಂದ ಬಟ್ಟೆ ತೆಗೆಯುವಾಗ, ಫಿಲ್ಟರ್ ಬಿಚ್ಚುವಾಗ, ಬಳಸಿದ ಪರ್ಕನ್ನು ಕಾಯಿಸಿ ಶುದ್ಧ ಮಾಡುವ ಭಟ್ಟಿಯ ತಳದ ಕೆಸರು ಕೆರೆಯುವಾಗ ಬೇರೆಯೇ ನಳಿಕೆ ಹಾಕುತ್ತೇನೆ. ಆಗ ವೇಗ ನಿಮಿಷಕ್ಕೆ 200 ಮಿಲೀ, 15 ನಿಮಿಷಕ್ಕೆ 3 ಲೀಟರ್.

ಆ ಅಂಗಡಿಯಲ್ಲೂ ಪಾಳಿಯ ಸರಾಸರಿ ಮಿತಿಯೊಳಗೇ ಬಂತು, ಬಾಗಿಲು ತೆಗೆದಾಗಿನದ್ದು ಬರಲಿಲ್ಲ. ಯಜಮಾನರಿಗೆ ನೋಟ್‌ಬುಕ್ಕಿನ ಸಮಯವನ್ನೂ ಲ್ಯಾಬಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಒಣಗುವ ಸುತ್ತು ಪೂರ್ತಿ ಮುಗಿಯದೆ ಬಾಗಿಲು ತೆಗೆಯಬಾರದು ಅಂತ ಅವತ್ತೇ ಹೇಳಿದರು. ಸವೆದ ಬಾಗಿಲ ರಬ್ಬರ್ ಬದಲಿಸಿದರು. ಗಾಳಿ ಮುಖದ ಕಡೆ ಬರದೆ ಮಷೀನಿನ ಹಿಂದಕ್ಕೆ ಹೋಗುವಂತೆ ಫ್ಯಾನ್ ಹಾಕಿಸಿದರು. ಮತ್ತೆ ಅಳೆದಾಗ ಬಟ್ಟೆ ತೆಗೆಯುವ ಹೊತ್ತಿನ ಅಂಕಿ ಚೆನ್ನಾಗಿ ಇಳಿದಿತ್ತು. ಕೆಸರು ಕೆರೆಯುವಾಗಿನದ್ದು ಅಷ್ಟಾಗಿ ಇಳಿಯಲಿಲ್ಲ. ಭಟ್ಟಿ ಪೂರ್ತಿ ತಣಿದ ಮೇಲೇ ಆ ಕೆಲಸ, ಅದೂ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಂಡು ಅಂತ ಬರೆದುಕೊಟ್ಟಿದ್ದೇನೆ. ಹುಡುಗ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಮಾಸ್ಕ್ ಪರ್ಕನ್ನು ತಡೆಯುವುದೇ ಇಲ್ಲ. ಮಳೆಗಾಲ ಶುರುವಾಗಿ ಕಿಟಕಿ ಮುಚ್ಚಿದ ಮೇಲೆ ಅಲ್ಲೇ ಇನ್ನೊಮ್ಮೆ ಅಳೆಯಲಿಕ್ಕಿದೆ.